ಬಾಣ ಕೆಂಪಾಗಿದ್ದರೆ ಮೊದಲು ಪೋರ್ಟ್ ಬಣ್ಣ ನೋಡಿ

ಬ್ಲಾಕ್‌ಗಳನ್ನು ಬಾಣಗಳಿಂದ ಜೋಡಿಸಿ ಸಿಗ್ನಲ್ ಸಂಸ್ಕರಿಸುವ ತಂತ್ರಾಂಶವಾದ ಗ್ನು ರೇಡಿಯೋ ಕಂಪ್ಯಾನಿಯನ್‌ನಲ್ಲಿ ಸಿಗ್ನಲ್ ಹುಟ್ಟಿಸುವ ಸಿಗ್ನಲ್ ಸೋರ್ಸ್ ಬ್ಲಾಕನ್ನು ಸೌಂಡ್ ಕಾರ್ಡ್‌ಗೆ ಸದ್ದು ಕಳಿಸುವ ಆಡಿಯೋ ಸಿಂಕ್‌ಗೆ ಜೋಡಿಸಿದರೆ ಬಾಣ ಕೆಂಪಾಗುತ್ತದೆ, ರನ್ ಮಾಡೋಕೂ ಬಿಡುವುದಿಲ್ಲ ಅಂತ ಕೇಳಿದ್ದೀರಿ. ಮೊದಲ ಸಲ ಬಳಸುವಾಗ ತುಂಬಾ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ, ಗಾಬರಿ ಬೇಡ.

ಎರಡೂ ಬ್ಲಾಕಿನಲ್ಲಿ ಬಾಣ ಸೇರುವ ಪೋರ್ಟ್‌ಗಳ ಬಣ್ಣ ನೋಡಿ, ಅದು ಡೇಟಾದ ಟೈಪ್ ತೋರಿಸುತ್ತದೆ. ನೀಲಿ ಅಂದರೆ ಕಾಂಪ್ಲೆಕ್ಸ್ (ಎರಡು ಭಾಗದ ಸಂಖ್ಯೆ), ಕಿತ್ತಳೆ ಅಂದರೆ ಫ್ಲೋಟ್ (ಒಂದೇ ದಶಮಾಂಶ ಸಂಖ್ಯೆ). ಸಿಗ್ನಲ್ ಸೋರ್ಸ್ ಹಾಕಿದ ತಕ್ಷಣ ಕಾಂಪ್ಲೆಕ್ಸ್ ಆಗಿರುತ್ತದೆ. ಆಡಿಯೋ ಸಿಂಕ್‌ಗೆ ಬೇಕಿರುವುದು ಫ್ಲೋಟ್. ಬಣ್ಣ ಹೊಂದದಿದ್ದರೆ ಬಾಣ ಕೆಂಪು. ಸಿಗ್ನಲ್ ಸೋರ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಔಟ್‌ಪುಟ್ ಟೈಪ್ ಅನ್ನು ಫ್ಲೋಟ್ ಮಾಡಿ. ಬ್ಲಾಕ್ ಆರಿಸಿಕೊಂಡು ಕೀಬೋರ್ಡಿನಲ್ಲಿ ಮೇಲಿನ ಅಥವಾ ಕೆಳಗಿನ ದಿಕ್ಕಿನ ಬಾಣದ ಕೀ ಒತ್ತಿದರೂ ಟೈಪ್ ಬದಲಾಗುತ್ತದೆ. ನನಗೆ ಅದೇ ಇಷ್ಟ, ಬೇಗ ಆಗುತ್ತೆ.

ಅದೇ ಕಿಟಕಿಯಲ್ಲಿ ಆಂಪ್ಲಿಟ್ಯೂಡ್ (ಸಿಗ್ನಲ್‌ನ ಎತ್ತರ) 1 ಅಂತ ಇರುತ್ತದೆ. ಆಡಿಯೋ ಸಿಂಕ್‌ಗೆ ಅದು ಪೂರ್ತಿ ಮಟ್ಟ. ದಯವಿಟ್ಟು 0.1 ಮಾಡಿಕೊಳ್ಳಿ, ಹೆಡ್‌ಫೋನ್ ಹಾಕಿದ್ದರಂತೂ ಮರೆಯಲೇಬೇಡಿ. ಎರಡೂ ಬ್ಲಾಕಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದು) ಒಂದೇ ಇರಲಿ, ಇಲ್ಲದಿದ್ದರೆ ಸ್ವರ ತಪ್ಪುತ್ತದೆ.

ಡೇಟಾ ಹರಿಯುವ ವೇಗಕ್ಕೆ ಮಿತಿ ಹಾಕುವ ಥ್ರಾಟಲ್ ಬ್ಲಾಕ್ ಹಾಕಬೇಕಾ ಅಂತಲೂ ಕೇಳಿದ್ದಿರಿ ಅಲ್ವಾ? ಇಲ್ಲಿ ಬೇಡ. ಡೇಟಾ ಎಷ್ಟು ವೇಗವಾಗಿ ಹರಿಯಬೇಕು ಅನ್ನುವುದನ್ನು ಸೌಂಡ್ ಕಾರ್ಡೇ ನೋಡಿಕೊಳ್ಳುತ್ತದೆ. ಥ್ರಾಟಲ್ ಕೂಡ ಸೇರಿಸಿದರೆ ಎರಡು ಗಡಿಯಾರ ಜಗಳಕ್ಕೆ ಬಿದ್ದು ಸದ್ದು ತುಂಡು ತುಂಡಾಗಬಹುದು. ಯಾವ ಹಾರ್ಡ್‌ವೇರೂ ಇಲ್ಲದೆ ಸುಮ್ನೆ ಗ್ರಾಫ್ ಮಾತ್ರ ನೋಡುವಾಗ ಒಂದು ಥ್ರಾಟಲ್ ಹಾಕಿ. ಇಲ್ಲದಿದ್ದರೆ ಪ್ರೊಸೆಸರ್ ಪೂರ್ತಿ ಅದರಲ್ಲೇ ಮುಳುಗಿ ಹೋಗುತ್ತದೆ.

ಇಷ್ಟಾದ ಮೇಲೂ ಕೆಂಪು ಹೋಗದಿದ್ದರೆ ಟೂಲ್‌ಬಾರ್‌ನಲ್ಲಿರುವ ಎರರ್ ಪಟ್ಟಿ ತೆರೆದು, ಅಲ್ಲಿರುವ ಸಾಲನ್ನು ಹಾಗೇ ಇಲ್ಲಿ ಹಾಕಿ.