ನಕ್ಷೆಯ ಬಣ್ಣ ಅಳೆದದ್ದೋ, ಲೆಕ್ಕ ಹಾಕಿದ್ದೋ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಮಳೆ, ಗಾಳಿ, ಮೋಡಗಳನ್ನು ಆನ್‌ಲೈನ್ ನಕ್ಷೆಯಲ್ಲಿ ನೋಡುವ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆಯ್ದಿದ್ದೇವೆ.

ವಿಂಡಿ ತೆರೆದರೆ ನಮ್ಮ ಏರಿಯಾ ಮೇಲೆ ಮಳೆಯ ನೀಲಿ ಬಣ್ಣ, ಹೊರಗೆ ನೋಡಿದರೆ ಬಿಸಿಲು. ಇನ್ನೊಂದು ಆ್ಯಪ್‌ನಲ್ಲಿ ಮೋಡವೇ ಇಲ್ಲ. ಎಲ್ಲವೂ ಲೈವ್ ಅನ್ನುತ್ತವೆ. ಯಾವುದನ್ನು ನಂಬಬೇಕು?
– ಓದುಗರು, ರಾಜಾಜಿನಗರ, ಬೆಂಗಳೂರು

ನೀವು ನೋಡಿದ ನೀಲಿ ಬಣ್ಣ ಯಾರೂ ಅಳೆದದ್ದಲ್ಲ, ಕಂಪ್ಯೂಟರ್ ಲೆಕ್ಕ ಹಾಕಿದ್ದು. ವಿಂಡಿ, ವೆಂಟುಸ್ಕೈ ತರಹದ ನಕ್ಷೆಗಳು ತೆರೆದ ಕೂಡಲೇ ತೋರಿಸುವುದು ಮುನ್ಸೂಚನಾ ಮಾದರಿಯ ಫಲಿತಾಂಶ. ಕೆಲವು ಗಂಟೆ ಹಿಂದಿನ ಸ್ಥಿತಿಯಿಂದ ಲೆಕ್ಕ ಶುರುಮಾಡಿ 'ಈ ಹೊತ್ತಿಗೆ ಇಲ್ಲಿ ಮಳೆ ಇರಬೇಕು' ಎಂದು ಅದು ಹೇಳುತ್ತದೆ. ಮಾದರಿ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಅಮೆರಿಕದ ಜಿಎಫ್‌ಎಸ್ ಮಾದರಿಯ ಒಂದು ಚೌಕ ವಿಂಡಿಯಲ್ಲಿ ಸುಮಾರು 22 ಕಿ.ಮೀ. ಅಗಲ, ಯುರೋಪಿನ ಇಸಿಎಂಡಬ್ಲ್ಯುಎಫ್ ಮಾದರಿಯದು 9 ಕಿ.ಮೀ. ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಸುರಿಯುವ ಗುಡುಗು ಮಳೆಯ ಮೋಡ ಎಷ್ಟೋ ಸಲ ಐದು–ಹತ್ತು ಕಿ.ಮೀ. ಅಗಲವಿದ್ದರೆ ಹೆಚ್ಚು. ಯಲಹಂಕದಲ್ಲಿ ರಸ್ತೆ ಮುಳುಗಿ ಜಯನಗರದಲ್ಲಿ ಧೂಳೇಳುವುದು ಅದಕ್ಕೇ. ಇಂಥ ಮೋಡವನ್ನು ಸರಿಯಾದ ಬಡಾವಣೆಯ ಮೇಲೆ ಕೂರಿಸುವುದು ಆ ಮಾದರಿಗಳಿಂದ ಆಗದ ಕೆಲಸ.

ವಿಂಡಿಯಲ್ಲಿ ಹೀಗೆ ಮಾಡಿ. ಪದರಗಳ ಪಟ್ಟಿಯಲ್ಲಿ 'ರಾಡಾರ್' ಅಥವಾ 'ಸ್ಯಾಟಲೈಟ್' ಆರಿಸಿ. ಕೆಳಗಿನ ಕಾಲಪಟ್ಟಿ ಬದಲಾಗಿ, ಕಳೆದ ಕೆಲವು ಗಂಟೆಗಳ ಚಿತ್ರ ಓಡಲು ಶುರುವಾದರೆ ನೀವು ನಿಜವಾದ ವೀಕ್ಷಣೆಗೆ ಬಂದಿದ್ದೀರಿ. ಪಟ್ಟಿ ಮುಂದಿನ ದಿನಗಳಿಗೂ ಚಾಚಿಕೊಂಡಿದ್ದರೆ ನೋಡುತ್ತಿರುವುದು ಮಾದರಿಯನ್ನೇ. ಆಮೇಲೆ ಕೊನೆಯ ಚಿತ್ರದ ಸಮಯ ನೋಡಿ. ಯುಟಿಸಿ ಅಥವಾ ಝಡ್ (ಎರಡೂ ಜಾಗತಿಕ ಸಮಯದ ಗುರುತು) ಅಂತಿದ್ದರೆ 5 ಗಂಟೆ 30 ನಿಮಿಷ ಕೂಡಿಸಿ. ಗುಡುಗು ಮಳೆಯ ಮಟ್ಟಿಗೆ ಮುಕ್ಕಾಲು ಗಂಟೆ ಹಳೆಯ ಚಿತ್ರ ಎಂದರೆ ಮುಗಿದ ಕಥೆ.

ಬೆಂಗಳೂರಿನವರು ಚೆನ್ನೈ ರಾಡಾರ್ ನೋಡುವುದುಂಟು. ಅಲ್ಲಿಂದ ಇಲ್ಲಿಗೆ ಸುಮಾರು 290 ಕಿ.ಮೀ. ರಾಡಾರ್‌ನಿಂದ ಅರ್ಧ ಡಿಗ್ರಿ ಮೇಲಕ್ಕೆ ಹೊರಟ ಕಿರಣ, ಭೂಮಿ ಬಾಗಿರುವುದರಿಂದ, ಇಲ್ಲಿಗೆ ತಲುಪುವಾಗ ಏಳು ಕಿ.ಮೀ.ಗಿಂತ ಎತ್ತರದಲ್ಲಿರುತ್ತದೆ. ಎತ್ತರದ ಗುಡುಗು ಮೋಡದ ತಲೆ ಅದಕ್ಕೆ ಸಿಕ್ಕೀತು, ಜಿಟಿಜಿಟಿ ಮಳೆ ಸಿಗದು.

ಜುಲೈನಲ್ಲಿ ಅಡಿಕೆಗೆ ಮದ್ದು ಹೊಡೆಯಲು ನಾಲ್ಕು ಗಂಟೆಯ ಹೊಳವು ಹುಡುಕುತ್ತೇವೆ. ರಾಡಾರ್ ನಕ್ಷೆಯಲ್ಲಿ ನಮ್ಮ ಮೇಲೆ ಏನೂ ಇಲ್ಲ ಅಂತಿರುತ್ತದೆ, ತೋಟದಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ಉಪಗ್ರಹ ಚಿತ್ರವೂ ಇದೇ ಹಾಡು. ಯಾಕೆ?
– ಅಡಿಕೆ ಬೆಳೆಗಾರರು, ಶಿರಸಿ

ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ತುಂಬ ಮುಖ್ಯವಾದದ್ದು ಇದು. ಮಲೆನಾಡಿನವರು ಈ ನಕ್ಷೆಗಳನ್ನು ಬಯಲುಸೀಮೆಯವರು ನೋಡಿದ ಹಾಗೆ ನೋಡುವಂತಿಲ್ಲ.

ಶಿರಸಿಗೆ ಹತ್ತಿರದ ರಾಡಾರ್‌ಗಳಲ್ಲಿ ಒಂದಾದ ಗೋವಾದ್ದು ಪಣಜಿಯಲ್ಲಿದೆ. ನೇರ ದೂರ ಸುಮಾರು 145 ಕಿ.ಮೀ. ಭೂಮಿ ಬಾಗಿರುವುದರಿಂದ ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಓರೆಯಲ್ಲಿ ಹೊರಟದ್ದು ನಿಮ್ಮಲ್ಲಿಗೆ ಬರುವಾಗ ಸಮುದ್ರಮಟ್ಟದಿಂದ ಎರಡೂವರೆ ಕಿ.ಮೀ. ಮೇಲಿರುತ್ತದೆ. ನಡುವೆ ಘಟ್ಟದ ಸಾಲು ಬೇರೆ ಅಡ್ಡ. ಮುಂಗಾರಿನ ಮೋಡವೋ ಗಿಡ್ಡ. ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇಳುವಾಗಲೇ ತೇವ ನೀರಾಗಿ, ಕೆಳಮಟ್ಟದಲ್ಲೇ ಹನಿ ದಪ್ಪವಾಗಿ ಸುರಿದುಬಿಡುತ್ತದೆ. ಮಳೆ ಹುಟ್ಟುವುದು ಕಿರಣದ ಕೆಳಗೆ. ರಾಡಾರ್ ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ.

ಉಪಗ್ರಹದ ಕಷ್ಟ ಬೇರೆ. ಅವಕೆಂಪು (ಇನ್‌ಫ್ರಾರೆಡ್) ಚಿತ್ರ ಅಳೆಯುವುದು ಮೋಡದ ಮೇಲ್ತುದಿಯ ಉಷ್ಣಾಂಶವನ್ನು. ಗುಡುಗು ಮೋಡದ ತುದಿ ಮೈನಸ್ 60, 70 ಡಿಗ್ರಿಗೂ ಇಳಿಯುತ್ತದೆ, ಅದಕ್ಕೆ ನಕ್ಷೆ ಗಾಢ ಬಣ್ಣ ಕೊಡುತ್ತದೆ. ನಿಮ್ಮ ಗಿಡ್ಡ ಮೋಡದ ತುದಿ ಅಷ್ಟು ತಣ್ಣಗಿರುವುದಿಲ್ಲ, ಬೂದು ಬಣ್ಣದಲ್ಲೇ ಉಳಿಯುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ. ಗುಡುಗು ಮಳೆ ಸುರಿಸಿ ಮುಗಿದ ಮೋಡದ ಹರಡಿದ ಮೇಲ್ಪದರ ಗಂಟೆಗಟ್ಟಲೆ ಬೆಳ್ಳಗೆ ಹೊಳೆಯುತ್ತದೆ, ಕೆಳಗೆ ಒಂದು ಹನಿಯೂ ಇರುವುದಿಲ್ಲ.

ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನೀವು ನೆಚ್ಚಬೇಕಾದದ್ದು ನೆಲದ ಮೇಲಿನ ಮಳೆಮಾಪಕವನ್ನು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಮಾಹಿತಿ 15 ನಿಮಿಷಕ್ಕೊಮ್ಮೆ ಕೇಂದ್ರಕ್ಕೆ ಹೋಗುತ್ತದೆ. ಮುಂಗಾರಿನಲ್ಲಿ ಕೆಳಮಟ್ಟದ ಗಾಳಿ ಪಶ್ಚಿಮ–ನೈರುತ್ಯದಿಂದ ಬೀಸುವುದರಿಂದ ನಿಮ್ಮೂರನ್ನಲ್ಲ, ಕುಮಟಾ–ಹೊನ್ನಾವರದ ಕಡೆಯನ್ನು ನೋಡಿ. ಕುಮಟಾದಿಂದ ಶಿರಸಿಗೆ ನೇರ 50 ಕಿ.ಮೀ. ವಿಂಡಿಯಲ್ಲಿ ಗಾಳಿಯ ಪದರದ ಎತ್ತರವನ್ನು 850 ಎಚ್‌ಪಿಎ, ಅಂದರೆ ಸುಮಾರು 1500 ಮೀಟರ್, ಮಟ್ಟಕ್ಕೆ ಇಟ್ಟು ವೇಗ ಓದಿಕೊಳ್ಳಿ. ಅದು ಗಂಟೆಗೆ 40 ಕಿ.ಮೀ. ಇದ್ದರೆ ಕರಾವಳಿಯಲ್ಲಿ ಈಗ ಸುರಿಯುತ್ತಿರುವ ಮಳೆಯ ಪಟ್ಟೆ ನಿಮಗೆ ಒಂದೂಕಾಲು ಗಂಟೆ ದೂರ. ಕರಾವಳಿ ಒಣಗಿದ್ದೂ ಘಟ್ಟದ ಮೇಲೆ ಮಳೆ ಬೀಳುವುದುಂಟು, ಆದರೆ ಕರಾವಳಿಯಲ್ಲೇ ಮಳೆಯ ಪಟ್ಟೆ ಮೇಲಿಂದ ಮೇಲೆ ಬರುತ್ತಿದ್ದರೆ ಮದ್ದು ಹೊಡೆಯುವ ಯೋಚನೆ ಆ ದಿನಕ್ಕೆ ಬಿಡಿ.

ನೋಡುವುದಾದರೆ ದ್ರಾವಣ ಕಲಸುವ ಮುಂಚೆ ನೋಡಿ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಅದೇ ದಿನ ಖಾಲಿ ಮಾಡಬೇಕು, ನಾಳೆಗೆ ಇಡುವಂತಿಲ್ಲ. ಇಂಟರ್‌ನೆಟ್ ಸಿಗದ ತೋಟದಿಂದ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಹೋಬಳಿಯ ಹೆಸರು ಹೇಳಿ ಕೇಳಬಹುದು.

ಮಾರ್ಚ್–ಏಪ್ರಿಲ್‌ನ್ಯಾಗ ಕಣದಾಗ ಮೆಣಸಿನಕಾಯಿ ಒಣಹಾಕಿರತೀವಿ. ಮೋಡ ಎಷ್ಟು ಹೊತ್ತಿನ್ಯಾಗ ನಮ್ಮೂರಿಗೆ ಬರತೈತಿ ಅಂತ ರಾಡಾರ್ ನೋಡಿ ಹೇಳಾಕ ಬರತದೇನ್ರಿ?
– ರೈತರು, ಕುಂದಗೋಳ

ಬರುತ್ತದೆ. ಶಿರಸಿಯವರಿಗೆ ಕೈಕೊಡುವ ಅದೇ ಗೋವಾ ರಾಡಾರ್ ನಿಮಗೆ ಬೇಸಿಗೆಯಲ್ಲಿ ಕೆಲಸಕ್ಕೆ ಬರುತ್ತದೆ. ದೂರ ಇನ್ನೂ ಹೆಚ್ಚು, ಸುಮಾರು 155 ಕಿ.ಮೀ. ಆದರೆ ಏಪ್ರಿಲ್‌ನ ಅಡ್ಡಮಳೆಯ ಮೋಡ ಹತ್ತು–ಹನ್ನೆರಡು ಕಿ.ಮೀ. ಎತ್ತರ ಬೆಳೆಯುತ್ತದೆ, ಕಿರಣಕ್ಕೆ ತಪ್ಪಿಸಿಕೊಳ್ಳಲಾರದು.

ಹವಾಮಾನ ಇಲಾಖೆಯ 'ಮೌಸಮ್' ಜಾಲತಾಣದ ರಾಡಾರ್ ಪುಟದಲ್ಲಿ ಗೋವಾ ಆರಿಸಿ, 'ಮ್ಯಾಕ್ಸ್ ಝಡ್' ಚಿತ್ರ ತೆರೆಯಿರಿ. ಪಕ್ಕದ ಬಣ್ಣದ ಪಟ್ಟಿಯ ಅಂಕಿಗಳು ಡಿಬಿಝಡ್, ಅಂದರೆ ಹನಿಗಳಿಗೆ ಬಡಿದು ಮರಳಿದ ಸಿಗ್ನಲ್‌ನ ಬಲದ ಅಳತೆ. 20 ಇದ್ದರೆ ತುಂತುರು. 30 ಇದ್ದರೆ ಗಂಟೆಗೆ 2–3 ಮಿ.ಮೀ., 40ಕ್ಕೆ 11–12, 50ಕ್ಕೆ 50ರ ಹತ್ತಿರ. ಇವು ಅಂದಾಜು ಲೆಕ್ಕಗಳು. 55 ದಾಟಿದರೆ ಆಲಿಕಲ್ಲು ಇರಬಹುದೆಂದು ತಿಳಿಯಿರಿ. ಆಲಿಕಲ್ಲು ಸಿಗ್ನಲ್ಲನ್ನು ಉಬ್ಬಿಸುವುದರಿಂದ ಆಗ ಮಳೆಯ ಲೆಕ್ಕ ನಂಬುವಂತಿಲ್ಲ.

ಈಗ ವೇಗ. ಮೋಡದ ಮುಂಭಾಗದ ಅಂಚನ್ನು, 40 ಡಿಬಿಝಡ್ ಬಣ್ಣ ಶುರುವಾಗುವ ಕಡೆ, ಗುರುತಿಸಿಕೊಳ್ಳಿ. ಅರ್ಧ ಗಂಟೆ ಹಿಂದಿನ ಚಿತ್ರದಲ್ಲಿ ಅದು ಎಲ್ಲಿತ್ತು ನೋಡಿ. ದೂರ ಅಳೆಯಲು ರಾಡಾರ್ ಚಿತ್ರದ ವೃತ್ತಗಳನ್ನು ಬಳಸಿ, ಇಲ್ಲವೇ ಊರ ಹೆಸರು ಹಿಡಿದು ಗೂಗಲ್ ನಕ್ಷೆಯಲ್ಲಿ ನೇರ ದೂರ ಅಳೆಯಿರಿ. ಅರ್ಧ ಗಂಟೆಯಲ್ಲಿ 20 ಕಿ.ಮೀ. ಬಂದಿದ್ದರೆ ವೇಗ ಗಂಟೆಗೆ 40. ನಿಮ್ಮ ಕಣ ಇನ್ನೂ 30 ಕಿ.ಮೀ. ಇದ್ದರೆ ಉಳಿದದ್ದು 45 ನಿಮಿಷ.

ಇದು ತಪ್ಪುವುದು ಎರಡು ಕಡೆ. ಮೊದಲನೆಯದು, ಇಂಥ ಮೋಡ ಸುರಿಯುತ್ತಿದ್ದ ಹಾಗೆ ಅದರಿಂದ ತಣ್ಣನೆ ಗಾಳಿ ನೆಲಕ್ಕೆ ಬಿದ್ದು ಮುಂದಕ್ಕೆ ನುಗ್ಗಿ, ಎದುರಿನ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡ ಹುಟ್ಟಿಸುತ್ತದೆ. 45 ನಿಮಿಷ ಅಂದುಕೊಂಡಿದ್ದು 20 ನಿಮಿಷಕ್ಕೇ ಬರಬಹುದು. ಎರಡನೆಯದು, ಮಳೆಗಿಂತ ಆ ಗಾಳಿ ಮೊದಲು ಬರುತ್ತದೆ. ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಇಡದಿದ್ದರೆ ಅದು ಹಾರಿಹೋದ ಮೇಲೆ ಮಳೆ ಬಂದು ಕಾಯಿ ತೋಯಿಸುತ್ತದೆ. ಲೆಕ್ಕಕ್ಕೆ ಬಂದ ಸಮಯದ ಅರ್ಧದಲ್ಲಿ ಕೆಲಸ ಮುಗಿಸಿರಿ.

ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇಟ್ಟುಕೊಳ್ಳಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಮೆಣಸಿನಕಾಯಿ ಬಿಟ್ಟು ಮನೆಯೊಳಗೆ ನಡೆಯಿರಿ. ಮರದಡಿ ನಿಲ್ಲಬೇಡಿ.

ಮನೆಯ ಮಳೆಮಾಪಕದಲ್ಲಿ 42 ಮಿ.ಮೀ. ಬಂತು. ಅದೇ ದಿನದ ನಕ್ಷೆಯಲ್ಲಿ ನಮ್ಮ ಪಂಚಾಯಿತಿಗೆ 6 ಮಿ.ಮೀ. ಸರ್ಕಾರಿ ಮಾಪಕ ಕೆಟ್ಟಿದೆಯೇ?
– ಶಾಲಾ ಶಿಕ್ಷಕಿ, ಅರಕಲಗೂಡು

ಮೊದಲು ತಾರೀಖು ನೋಡಿ, ಮೇಡಂ. ನಮ್ಮ ದೇಶದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಬಿದ್ದದ್ದು ಎರಡನೆಯ ದಿನದ ಲೆಕ್ಕಕ್ಕೆ ಸೇರುತ್ತದೆ. ಹತ್ತನೇ ತಾರೀಖು ಸಂಜೆ ಸುರಿದದ್ದನ್ನು ಹನ್ನೊಂದರ ನಕ್ಷೆಯಲ್ಲಿ ಹುಡುಕಬೇಕು. ಹೆಚ್ಚಿನ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಆಮೇಲೂ ವ್ಯತ್ಯಾಸ ಉಳಿದರೆ, ಗುಡುಗು ಮಳೆ ಮೂರು ಕಿ.ಮೀ. ಅಂತರದಲ್ಲೇ ಹಾಗೆ ಬೇರೆಯಾಗುವುದು ಸಹಜ. ಆದರೆ ಇಡೀ ತಿಂಗಳು ಪಂಚಾಯಿತಿಯ ಅಂಕಿ ನಿಮ್ಮದಕ್ಕಿಂತ ತೀರಾ ಕಡಿಮೆ ಬರುತ್ತಿದ್ದರೆ, ಅಲ್ಲಿನ ಆಲಿಕೆಗೆ ಎಲೆ, ಜೇಡರ ಬಲೆ, ಹಕ್ಕಿ ಹಿಕ್ಕೆ ಕಟ್ಟಿರಬಹುದು. ನೀರು ತೊಟ್ಟಿಕ್ಕುತ್ತಾ ಇಳಿಯುತ್ತದೆ, ತುಂಬಿ ಮಗುಚಿದಾಗಲೆಲ್ಲ ಮಳೆಯನ್ನು ಎಣಿಸುವ ಒಳಗಿನ ಪುಟ್ಟ ತೊಟ್ಟಿ ಮಗುಚುವುದು ತಡವಾಗುತ್ತದೆ. ಹಾಗಾದಾಗ ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ನಕ್ಷೆಯಲ್ಲಿ ಅರ್ಧ ಮಿ.ಮೀ., ಅರ್ಧ ಮಿ.ಮೀ. ಎಂದು ಏರುತ್ತಿರುತ್ತದೆ. ಇದು ಕಂಡರೆ ಪಂಚಾಯಿತಿಗೆ ತಿಳಿಸಿ. ನಿಮ್ಮ ಮಾಪಕವನ್ನೂ ಗೋಡೆ, ಮರಗಳಿಂದ ಅವುಗಳ ಎತ್ತರದ ಎರಡರಷ್ಟು ದೂರವಾದರೂ ಇಡಿ, ಸೂರಿನ ಹನಿ ಬೀಳದಂತೆ ನೋಡಿಕೊಳ್ಳಿ. ಮಕ್ಕಳಿಗೆ ಹೇಳಿಕೊಡಲು: 1 ಮಿ.ಮೀ. ಎಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು.

ನಕ್ಷೆಯಲ್ಲಿ ವಿಮಾನ ನಿಲ್ದಾಣದ ಚುಕ್ಕಿ ಒತ್ತಿದರೆ ಅಕ್ಷರ, ಅಂಕಿ ಕಲಸಿದ ಒಂದು ಸಾಲು ಬರುತ್ತದೆ. ಏನದು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಅದು ಮೆಟಾರ್, ಪೈಲಟ್‌ಗಳಿಗಾಗಿ ಕೊಡುವ ವರದಿ. ನಿಜವಾಗಿ ಅಳೆದದ್ದು, ಆದ್ದರಿಂದ ಓದಲು ಕಲಿಯುವುದು ಒಳ್ಳೆಯದು. ಉದಾಹರಣೆಗೆ 'ವಿಒಬಿಎಲ್ 121030ಝಡ್ 25012ಕೆಟಿ 6000 29/21 ಕ್ಯೂ1011' ಅಂತಿದೆ ಎನ್ನಿ. ವಿಒಬಿಎಲ್ ಅಂದರೆ ಕೆಂಪೇಗೌಡ ನಿಲ್ದಾಣ. 12ನೇ ತಾರೀಖು, ಯುಟಿಸಿ 10.30, ನಮ್ಮ ಸಂಜೆ 4 ಗಂಟೆ. ಗಾಳಿ 250 ಡಿಗ್ರಿ ದಿಕ್ಕಿನಿಂದ, ಅಂದರೆ ಪಶ್ಚಿಮ–ನೈರುತ್ಯದಿಂದ, 12 ನಾಟ್, ಗಂಟೆಗೆ 22 ಕಿ.ಮೀ. ಆರು ಸಾವಿರ ಮೀಟರ್‌ವರೆಗೆ ಕಣ್ಣು ಹಾಯುತ್ತದೆ. ಉಷ್ಣಾಂಶ 29, ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) 21, ಗಾಳಿಯ ಒತ್ತಡ 1011 ಎಚ್‌ಪಿಎ. ಉಷ್ಣಾಂಶ ಮತ್ತು ಇಬ್ಬನಿ ಬಿಂದು ರಾತ್ರಿ ಒಂದಕ್ಕೊಂದು ಹತ್ತಿರ ಬರುತ್ತಾ ಗಾಳಿ ನಿಂತರೆ ಬೆಳಗಿನ ಮಂಜಿಗೆ ಸಿದ್ಧರಾಗಿ. ಮಂಗಳೂರಿಗೆ ವಿಒಎಂಎಲ್, ನಿಮ್ಮ ಹುಬ್ಬಳ್ಳಿಗೆ ವಿಒಎಚ್‌ಬಿ.

ನಾಡದೋಣಿಯವರು ನಾವು. ಗಾಳಿಯ ನಕ್ಷೆ ಶಾಂತ ಅಂದ ದಿನವೂ ಅಲೆ ಜೋರಿರುತ್ತದೆ.
– ಮೀನುಗಾರರು, ಮಲ್ಪೆ

ಗಾಳಿಯ ಪದರವೊಂದನ್ನೇ ನೋಡಿ ಕಡಲಿಗೆ ಇಳಿಯಬೇಡಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿ.ಮೀ. ದಾಟಿ ನಮ್ಮ ದಡಕ್ಕೆ ಬರುತ್ತದೆ, ಇಲ್ಲಿ ಗಾಳಿಯೇ ಇಲ್ಲದಿದ್ದರೂ. ನಕ್ಷೆಯಲ್ಲಿ 'ಸ್ವೆಲ್' ಪದರ ಹಾಕಿ, ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಓದಿ. ಒಂದೂವರೆ ಮೀಟರ್ ಅಲೆ 6 ಸೆಕೆಂಡಿಗೊಮ್ಮೆ ಬಂದರೆ ಒಂದು ಥರ, 16 ಸೆಕೆಂಡಿಗೊಮ್ಮೆ ಬಂದರೆ ಅದರಲ್ಲಿ ತುಂಬಿರುವ ಶಕ್ತಿಯೇ ಬೇರೆ. ಎರಡನೆಯದು ಆಳ ಕಡಲಲ್ಲಿ ಗೊತ್ತೇ ಆಗದೆ, ಅಳಿವೆಬಾಗಿಲ ಆಳವಿಲ್ಲದ ನೀರಿನಲ್ಲಿ ಎದ್ದು ದೋಣಿ ಮಗುಚುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕರಾವಳಿಗೆ ಇದರ ಎಚ್ಚರಿಕೆಯನ್ನು ಬೇರೆಯಾಗಿಯೇ ಕೊಡುತ್ತದೆ. ಆ ಎಚ್ಚರಿಕೆ ಇರುವ ದಿನ, ಬೇರೆ ಯಾವ ನಕ್ಷೆ ಎಷ್ಟೇ ತಿಳಿನೀಲಿ ತೋರಿಸಲಿ, ಅಳಿವೆ ದಾಟಬೇಡಿ.