ಮೆತ್ತಗಿನ ಸೀಟಲ್ಲ, ಅಳತೆಯ ಸೀಟು ನೋಡಿ

ಕುಂಬಳೆಯಿಂದ ಕಾಸರಗೋಡಿಗೆ ಸೈಕಲ್ ತುಳಿದರೆ ಜೋಮು ಹಿಡಿಯುತ್ತದೆ, ದಪ್ಪ ಜೆಲ್ ಸೀಟು ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ. ತುಂಬಾ ಮೆತ್ತಗಿದ್ದರೆ ಕೂರುವ ಮೂಳೆಗಳು ಒಳಗೆ ಹೂತು, ನಡುವಿನ ಮೆದು ಭಾಗಕ್ಕೇ ಒತ್ತಡ ಬೀಳುತ್ತದೆ. ಜೋಮು ಜಾಸ್ತಿಯೇ ಆಗಬಹುದು.

ಮೊದಲು ಅಳತೆ ತೆಗೆಯಿರಿ. ಪೆಟ್ಟಿಗೆಯ ರಟ್ಟನ್ನು ಜಗಲಿಯ ಮೇಲಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಕೂತುಕೊಳ್ಳಿ. ಎರಡು ಗುಳಿ ಬೀಳುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟಿದೆಯೋ ಅದಕ್ಕೆ ಸುಮಾರು 2 ಸೆಂಟಿಮೀಟರ್ ಸೇರಿಸಿ. ಸೀಟಿನ ಹಿಂಭಾಗ ಅಷ್ಟು ಅಗಲ ಇರಲಿ. ನೆಟ್ಟಗೆ ಕೂತು ಓಡಿಸುವವರಾದರೆ ಇನ್ನೂ ಸ್ವಲ್ಪ ಅಗಲ ಬೇಕು.

ಹಾಂ, ಈಗಿನ ಸೀಟಿನ ಮೂತಿ ಮೇಲಕ್ಕೆದ್ದಿದೆಯಾ? ನನ್ನದು ಹಾಗೇ ಇತ್ತು. ಸಮ ಮಾಡಿದ ಮೇಲೆ ಅರ್ಧ ಕಷ್ಟ ಹೋಯಿತು. ದುಡ್ಡು ಹಾಕುವ ಮೊದಲು ಅದೊಂದು ನೋಡಿಬಿಡಿ.