ಆನ್‌ಲೈನ್ ಸಮುದಾಯಗಳ ಗುಣಮಟ್ಟ ಕುಸಿಯಲು ಸಂಬಳವಿಲ್ಲದ ಮಾಡರೇಟರ್‌ಗಳೇ ಕಾರಣವಾ?

ಪೂರ್ತಿ ಅವರ ತಲೆಗೆ ಕಟ್ಟುವುದು ತಪ್ಪು. ಪೋಸ್ಟ್‌ಗಳನ್ನು ನೋಡಿ ಬೇಡದ್ದನ್ನು ತೆಗೆಯುವ ಅವರ ಕೆಲಸ ಹೊರಗೆ ಕಾಣುವುದೇ ಇಲ್ಲ. ಒಂದೇ ಲಿಂಕನ್ನು ಹತ್ತು ಕಡೆ ಅಂಟಿಸಿದ ಸ್ಪ್ಯಾಮ್, ಆಗಲೇ ಉತ್ತರ ಸಿಕ್ಕಿರುವ ಅದೇ ಪ್ರಶ್ನೆ, ನಡುವೆ ಇಬ್ಬರ ಬೈದಾಟ. ಇದನ್ನೆಲ್ಲ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಪೋಸ್ಟ್ ತಪ್ಪಾಗಿ ಅಳಿಸಿದರೆ ಮಾತ್ರ ದೊಡ್ಡ ಗಲಾಟೆ.

ಜನ ಒಮ್ಮೆಲೇ ಜಾಸ್ತಿಯಾದಾಗ ನಿಜವಾದ ಪೆಟ್ಟು ಬೀಳುತ್ತದೆ. ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾ ಗುಂಪುಗಳ ಜಾಲಕ್ಕೆ ಮೊದಲೆಲ್ಲ ಹೊಸಬರು ಹೆಚ್ಚಾಗಿ ಬರುತ್ತಿದ್ದದ್ದು ಸೆಪ್ಟೆಂಬರ್‌ನಲ್ಲಿ, ಕಾಲೇಜು ಶುರುವಾದಾಗ. ಹಳಬರನ್ನು ನೋಡಿ ನಿಧಾನಕ್ಕೆ ರೀತಿನೀತಿ ಕಲಿಯುತ್ತಿದ್ದರು. 1993-94ರಲ್ಲಿ ಮನೆಗಳಿಗೆ ಆನ್‌ಲೈನ್ ಸೇವೆ ಕೊಡುತ್ತಿದ್ದ ಎಒಎಲ್‌ನಂಥ ಕಂಪನಿಗಳ ಗ್ರಾಹಕರೂ ಬರತೊಡಗಿದರು. ಹೊಸಬರ ಹರಿವು ನಿಲ್ಲಲೇ ಇಲ್ಲ, ಕಲಿಸುವವರು ಸೋತರು.

ಕಂಪನಿಯೇ ಅಡ್ಡ ನಿಂತರೂ ಕಷ್ಟ. 2023ರ ಜೂನ್‌ನಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಹಲವು ಮಾಡರೇಟರ್‌ಗಳು ಮುಷ್ಕರ ಹೂಡಿದರು. ಎಐ ಬರೆದ ಉತ್ತರಗಳನ್ನು ತೆಗೆಯಲು ಕಂಪನಿ ಬಿಡುತ್ತಿಲ್ಲ ಎನ್ನುವುದು ಅವರ ಮುಖ್ಯ ದೂರಾಗಿತ್ತು.

ದರ್ಪ ತೋರಿಸುವವರೂ ಇದ್ದಾರೆ, ನಿಜ. ಕಾರಣ ಹೇಳದೆ ಮೊದಲ ಪೋಸ್ಟನ್ನೇ ಅಳಿಸಿದರೆ ಆ ಮನುಷ್ಯ ಮತ್ತೆ ಬರುತ್ತಾನಾ? ಆದರೆ ನನ್ನ ಪ್ರಕಾರ ಇದರಲ್ಲಿ ದರ್ಪಕ್ಕಿಂತ ದಣಿವೇ ಜಾಸ್ತಿ. ನೋಡಬೇಕಾದ ಪೋಸ್ಟ್‌ಗಳು ರಾಶಿ ಬಿದ್ದಾಗ, ಬಿಡಿಸಿ ಹೇಳುವ ತಾಳ್ಮೆಯೇ ಮೊದಲು ಹೋಗುತ್ತದೆ. ಹಾಗಾಗಿ ಕೆಲಸ ಹಂಚಿಕೊಳ್ಳಲು ಇನ್ನಷ್ಟು ಜನ ಬೇಕು, ಅಳಿಸಿದ್ದನ್ನು ಪ್ರಶ್ನಿಸಲು ಒಂದು ದಾರಿಯೂ ಇರಬೇಕು.